ಎಲೆ ನೋಡಿ ಬಡಿಸು

ಪುಟ್ಟೀ, ಶನಿವಾರ ಆಫೀಸಿನ ಗೆಳೆಯರನ್ನೂ ಕರೆದುಕೊಂಡು ಬರುತ್ತೇನೆ ಅಂದೆಯಲ್ಲ, ಬನ್ನಿ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೂ ಬರುತ್ತಿದೆ. ‘ಸಿಲ್ಕ್ ಬೋರ್ಡಲ್ಲಿ ಸಿಕ್ಕಿಹಾಕ್ಕೊಂಡೆ ತಾತ’ ಅನ್ನುವ ನೆಪ ಇನ್ನು ನಡೆಯುವುದಿಲ್ಲ.

ಬರುವ ಮುಂಚೆ ಒಂದು ಮಾತು. ಫೋನಿನಲ್ಲಿ ನೀನು ‘ಊಟ ಹಂಚೋಕೆ ಬರ್ತೀವಿ’ ಅಂದೆ. ಮನೆಯಲ್ಲಿ ನಿನ್ನಮ್ಮ ಯಾವತ್ತಾದರೂ ಊಟ ಹಂಚಿದ್ದಾಳಾ? ಬಡಿಸುತ್ತಾಳೆ. ಹಂಚುವುದು ಆಸ್ತಿಯನ್ನು, ಕರಪತ್ರವನ್ನು, ಇಸ್ಪೀಟಿನ ಎಲೆಯನ್ನು. ಹಂಚುವವನ ಕಣ್ಣು ತನ್ನ ಕೈಯಲ್ಲಿ ಎಷ್ಟು ಉಳಿಯಿತು ಅನ್ನುವುದರ ಮೇಲೆ. ಬಡಿಸುವವನ ಕಣ್ಣು ಎದುರಿನ ಎಲೆಯ ಮೇಲೆ. ಇದು ಬರೀ ಪದದ ಜಗಳ ಅಂದುಕೊಳ್ಳಬೇಡ ಕಣೇ. ನಾನು ಈ ವ್ಯತ್ಯಾಸ ಕಲಿತದ್ದು ತಡವಾಗಿ, ಒಂದು ತಪ್ಪು ಮಾಡಿದ ಮೇಲೆ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದರು. ಕಾರ್ಖಾನೆಗಳು ಮುಚ್ಚಿದವು. ಕಟ್ಟಡದ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿದ್ದ ಸಂಸಾರಗಳು ಅಲ್ಲಲ್ಲೇ ನಿಂತುಬಿಟ್ಟವು. ನಾವು ನಾಲ್ಕೈದು ಜನ ಸೇರಿ ಒಲೆ ಹೂಡಿದೆವು. ಸುಣ್ಣದಲ್ಲಿ ವೃತ್ತ ಬರೆದು ಸಾಲು ನಿಲ್ಲಿಸಿ, ಪೊಟ್ಟಣ ಕೊಡುವುದು. ಮೂವತ್ತು ವರ್ಷ ಕಾರ್ಖಾನೆ ಕ್ಯಾಂಟೀನಿನಲ್ಲಿ ಕೂಪನ್ ಹರಿದ ಕೈ ನನ್ನದು. ಪುಸ್ತಕ ಇಟ್ಟುಕೊಂಡು ಲೆಕ್ಕ ಬರೆಯುತ್ತಿದ್ದೆ. ಒಬ್ಬಾಕೆ ಎರಡು ಪೊಟ್ಟಣ ಎತ್ತಿಕೊಂಡಳು. ‘ನಿನ್ನೇನೂ ಎರಡು ತಗೊಂಡ್ಯಲ್ಲಮ್ಮ’ ಅಂದೆ, ಎಲ್ಲರ ಎದುರಿಗೆ. ಮಾತಾಡದೆ ಒಂದನ್ನು ವಾಪಸ್ ಇಟ್ಟು ಹೋದಳು. ಮಾರನೆಯ ದಿನ ಬರಲಿಲ್ಲ. ಅವಳ ಅತ್ತೆಗೆ ನಡೆಯಲು ಆಗುವುದಿಲ್ಲ ಅಂತ ಪಕ್ಕದ ಶೆಡ್ಡಿನವನು ಹೇಳಿದ. ಪೊಟ್ಟಣ ಹಿಡಿದು ಅವರ ಬಾಗಿಲಿಗೇ ಹೋದೆ. ‘ಬ್ಯಾಡ್ರಿ, ನಮ್ದು ಆಗ್ಯಾದ’ ಅಂದಳು, ಬಲು ಮರ್ಯಾದೆಯಿಂದ. ಅವಳ ಹಿಂದೆ ಒಲೆ ಕಾಣುತ್ತಿತ್ತು. ಬೂದಿ ಆರಿ ತಣ್ಣಗಿತ್ತು.

ಆ ಕಡೆಯವರು ಬಡಿಸುವುದಕ್ಕೆ ‘ನೀಡು’ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅವಳ ಊರಲ್ಲಿ ಅನ್ನ ನೀಡುವವರು ಯಾರೂ ಪುಸ್ತಕ ಇಟ್ಟುಕೊಂಡಿರುವುದಿಲ್ಲ.

ಈಗ ನಾವು ಬಡಿಸುವುದು ಹೆಚ್ಚಾಗಿ ಆಸ್ಪತ್ರೆಗೆ ಬಂದವರ ಮನೆಯವರಿಗೆ. 2000ದ ಆಸುಪಾಸಿನಲ್ಲಿ ದೇವಿಶೆಟ್ಟರ ಹೃದಯಾಲಯ ಇಲ್ಲಿ ಶುರುವಾದ ಮೇಲೆ ಬಂಗಾಳದ ಕಡೆಯಿಂದ ರೋಗಿಗಳು ಬರತೊಡಗಿದರು, ಬೊಮ್ಮಸಂದ್ರದ ಬೀದಿಗಳಲ್ಲಿ ಬಂಗಾಳಿ ಬೋರ್ಡು, ಮೀನೂಟದ ಹೋಟೆಲು, ದಿನಬಾಡಿಗೆಯ ಕೋಣೆ ಎಲ್ಲ ಬಂದವು. ಬರುವವರೆಲ್ಲ ಊರಿನಲ್ಲಿ ಬಡವರೇ ಆಗಿರಬೇಕೆಂದಿಲ್ಲ. ಚಿಕಿತ್ಸೆ ತಿಂಗಳುಗಟ್ಟಲೆ ಎಳೆದಾಗ ಮೊದಲು ಮುಗಿಯುವುದು ಜೊತೆಗೆ ಬಂದವರ ಊಟದ ದುಡ್ಡು. ರೋಗಿಗೆ ಹಣ್ಣು ತಂದು ತಾನು ಟೀ ಬನ್ನಿನಲ್ಲಿ ದಿನ ಕಳೆಯುವ ತಾಯಿಯನ್ನು ಗುರುತಿಸುವುದು ಸುಲಭವಲ್ಲ. ಇಸ್ತ್ರಿ ಮಾಡಿದ ಸೀರೆಯನ್ನೇ ಉಟ್ಟಿರುತ್ತಾಳೆ. ‘ನಿಮಗೆ ನಿಜವಾಗಿ ಕಷ್ಟ ಇದೆಯಾ’ ಅಂತ ಕೇಳುವ ಹುದ್ದೆ ನಮಗೆ ಯಾರೂ ಕೊಟ್ಟಿಲ್ಲ. ಬಂದು ಕೂತರೆ ಬಡಿಸು. ಬಂಗಾಳಿಯಲ್ಲಿ ‘ಆರ್ ಏಕ್ಟು ದೇಬೊ?’ ಅಂತ ಕಲಿತುಕೋ, ಇನ್ನೊಂದು ಸ್ವಲ್ಪ ಹಾಕಲಾ ಅಂತ. ‘ಸಾಕಾ?’ ಅಂತ ಮಾತ್ರ ಕೇಳಬೇಡ. ಸಾಕು ಅನ್ನುವುದು ಉಣ್ಣುವವರ ಮಾತು. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದಾಗ ಸೌಟು ನಿಲ್ಲಬೇಕು.

ಒಂದು ಮಧ್ಯಾಹ್ನ ಬಂಗಾಳದ ಹೆಂಗಸೊಬ್ಬಳು ಉಂಡಾದ ಮೇಲೂ ಏಳಲಿಲ್ಲ. ಅಡುಗೆಮನೆಯ ಈಳಿಗೆಮಣೆಯನ್ನೇ ನೋಡುತ್ತಿದ್ದಳು. ಅವರಲ್ಲೂ ಅಂಥದೇ ಇದೆಯಂತೆ, ‘ಬೊಟಿ’ ಅನ್ನುತ್ತಾರೆ. ಸೀದಾ ಒಳಗೆ ಬಂದು ಕೂತು ಒಂದಿಡೀ ಕುಂಬಳಕಾಯಿ ಹೆಚ್ಚಿಟ್ಟಳು. ನಮ್ಮ ಅಡುಗೆಯಾತ ಬೇಡ ಬೇಡ ಅಂತ ಓಡಿಬಂದ, ನಾನು ತಡೆದೆ. ಅಷ್ಟು ದಿನದಲ್ಲಿ ಅವಳ ಮುಖ ಸಡಿಲವಾದದ್ದನ್ನು ಅವತ್ತೇ ನೋಡಿದ್ದು. ಯಾರಾದರೂ ಹತ್ತು ರೂಪಾಯಿ ಕೊಟ್ಟರೂ ಹಾಗೆಯೇ, ತೆಗೆದುಕೋ. 2017ರಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ಅಂತ ಇಟ್ಟರು. ಪೂರ್ತಿ ಪುಕ್ಕಟೆ ಮಾಡಬಹುದಿತ್ತಲ್ಲ ಅಂತ ಆಗ ವಾದಿಸಿದವನು ನಾನು. ಈಗ ಹಾಗನ್ನಿಸುವುದಿಲ್ಲ. ದುಡ್ಡು ಕೊಟ್ಟವನು ‘ಸಾರಿಗೆ ಉಪ್ಪಿಲ್ಲ’ ಅಂತ ಗೊಣಗಬಹುದು. ನಮ್ಮಲ್ಲಿ ಉಣ್ಣುವವರೂ ಹಾಗೆ ಗೊಣಗಿದ ದಿನ ನನಗೆ ಒಳಗೊಳಗೇ ಖುಷಿ.

ನಿನ್ನ ಗೆಳೆಯನ ಹುಟ್ಟುಹಬ್ಬಕ್ಕೆ ಐನೂರು ಜನಕ್ಕೆ ಬಿರಿಯಾನಿ ಮಾಡಿಸೋಣ ಅಂದೆಯಲ್ಲ, ಅದಕ್ಕೆ ನಾನು ಹೂಂ ಅನ್ನಲಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆ ನಿನಗೆ ಗೊತ್ತಿರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಊರು ರಾಯಚೂರು ಸೀಮೆಯ ಅಮರೇಶ್ವರ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ, ಹೆಚ್ಚಿನದನ್ನು ಸುರಿದು ಬಾ ಅಂತ ವಾಪಸ್ ಕಳಿಸಿದಳು. ಬಡವರ ಮನೆಯಲ್ಲಿ ಅಕ್ಕಿ ಹೆಚ್ಚಾದದ್ದಕ್ಕೆ ಆದ ಜಗಳ ಅದೊಂದೇ ಇರಬೇಕು! ನಮ್ಮ ಲೆಕ್ಕ ಅರವತ್ತು ಎಲೆ, ಏಳು ಕೆ.ಜಿ. ಅಕ್ಕಿ, ಪ್ರತಿ ಶನಿವಾರ. ಐನೂರು ಜನ ಒಂದು ದಿನ ಉಂಡು, ಮುಂದಿನ ವಾರ ಬಂದು ಬೀಗ ನೋಡಿ ಹೋಗುವುದು ಬೇಡ. ಆ ಹುಡುಗನ ದುಡ್ಡಿನಲ್ಲಿ ಎಷ್ಟು ಶನಿವಾರ ಆಗುತ್ತದೋ ಲೆಕ್ಕ ಹಾಕು, ನೀನು ಎಂಜಿನಿಯರ್.

ಅಡುಗೆಯ ಮಾತು ಬೇಗ ಮುಗಿಸುತ್ತೇನೆ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ತುಂಬಬೇಡ. ಬೇಸಿಗೆಯಲ್ಲಿ ಕಲಸನ್ನ ಮಧ್ಯಾಹ್ನಕ್ಕೇ ಹಳಸುತ್ತದೆ. ಮೂಸಿ ಅನುಮಾನ ಬಂದರೆ ಚೆಲ್ಲು, ಹೊಟ್ಟೆ ಉರಿದರೂ ಚೆಲ್ಲು. ಹಸಿ ಕೋಸಂಬರಿ, ಹೆಚ್ಚಿದ ಹಣ್ಣು ನಾವು ಇಡುವುದಿಲ್ಲ. ತಮ್ಮ ಎಲೆಯದನ್ನು ಕಟ್ಟಿಕೊಂಡು ಹೋಗಿ ರೋಗಿಗೆ ತಿನ್ನಿಸುವವರಿದ್ದಾರೆ, ಕ್ಯಾನ್ಸರಿನ ಔಷಧಿ ನಡೆಯುತ್ತಿರುವ ಮೈಗೆ ಹಸಿಯದು ಅಪಾಯ. ಫೋಟೊ ಬೇಕೇಬೇಕು ಅಂದರೆ ಹಂಡೆಯದು ತೆಗೆದುಕೋ. ಅದಕ್ಕೆ ನಾಚಿಕೆ ಇಲ್ಲ.

ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಾದರೇನು ಅನ್ನುತ್ತಾರೆ. ನಮ್ಮಲ್ಲಿ ಕಡೇ ಪಂಕ್ತಿಯಲ್ಲಿ ಕೂರುವವರಿಗೆ ಈ ಊರಲ್ಲಿ ‘ನಮ್ಮವನು’ ಅನ್ನಲು ಯಾರೂ ಇರುವುದಿಲ್ಲ, ಆಟೋದವನಿಗೆ ದಾರಿ ಹೇಳುವಷ್ಟು ಭಾಷೆಯೂ ಬರುವುದಿಲ್ಲ. ಪಲ್ಯದ ಬಕೆಟ್ ನಿನಗೆ. ತುದಿಯಿಂದ ಶುರುಮಾಡು.

ಹತ್ತು ಗಂಟೆಗೆಲ್ಲ ಇಲ್ಲಿರಬೇಕು. ಉಗುರು ಕತ್ತರಿಸಿಕೊಂಡು ಬಾ, ಕೊತ್ತಂಬರಿ ಸೊಪ್ಪು ಬಿಡಿಸಿಕೊಡುವವರಿಲ್ಲ.