ಇಂಗ್ಲಿಷಿನ ‘ಪ್ರವೋಕ್’: ಕೆರಳಿಸುವುದೋ, ಹುರಿದುಂಬಿಸುವುದೋ?



ತಪಸ್ಸುಕಾಲದ ಧ್ಯಾನಕೂಟ ಮುಗಿದ ಮೇಲೆ ನಮ್ಮ ಯುವಕನೊಬ್ಬ ಬೋಧನೆ ಮಾಡಿದ ಗುರುಗಳಿಗೆ ಇಂಗ್ಲಿಷಿನಲ್ಲಿ ಕೃತಜ್ಞತಾ ಪತ್ರ ಬರೆದ. ನಿಮ್ಮ ಪ್ರಬೋಧನೆ ನಮ್ಮನ್ನು ಪ್ರೇರೇಪಿಸಿತು ಎಂಬುದು ಅವನ ಮನಸ್ಸಿನ ಮಾತು. ಬರೆದದ್ದು ಮಾತ್ರ ‘ಪ್ರವೋಕ್’. ಗುರುಗಳು ಓದಿ, “ನಾನು ಯಾರನ್ನು ಕೆರಳಿಸಿದೆನಪ್ಪಾ?” ಎಂದು ನಕ್ಕರು.

ಹುಡುಗನದು ತಪ್ಪೇ, ಆದರೆ ದೊಡ್ಡ ತಪ್ಪಲ್ಲ. ಈ ಪದ ಲತೀನಿನ ‘ಪ್ರೊವೊಕಾರೆ’ಯಿಂದ ಬಂದದ್ದು, ಮುಂದಕ್ಕೆ ಕರೆ, ಹೊರಗೆ ಕರೆ ಎಂದು ಅರ್ಥ. ದೈವಕರೆಗೆ ಇಂಗ್ಲಿಷಿನಲ್ಲಿ ಹೇಳುವ ‘ವೊಕೇಶನ್’ ಕೂಡ ಅದೇ ಬೇರಿನದು. ಇಂದಿನ ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿಯನ್ನು ‘ಪ್ರವೋಕ್’ ಮಾಡಿದರು ಎಂದಷ್ಟೇ ಹೇಳಿದರೆ ಕೆಣಕಿದರು, ಸಿಟ್ಟಿಗೆಬ್ಬಿಸಿದರು ಎಂದೇ ಅರ್ಥ. ನಗು, ಚರ್ಚೆ, ಆಲೋಚನೆ ಇವುಗಳ ಜೊತೆ ಬಂದಾಗ ಹಾಗಲ್ಲ. ‘ಥಾಟ್ ಪ್ರವೋಕಿಂಗ್’ ಪ್ರಬೋಧನೆ ಎಂದಿದ್ದರೆ ಹೊಗಳಿಕೆಯೇ ಆಗುತ್ತಿತ್ತು. ಹಳೆಯ ನೆನಪು ತರಿಸುವುದಕ್ಕೆ ‘ಇವೋಕ್’ ಎಂಬ ಮೆತ್ತಗಿನ ಪದ ಬೇರೆ ಇದೆ.

ನಮ್ಮ ‘ಪ್ರಚೋದನೆ’ಗೂ ಇದೇ ಗತಿ. ಗಾಯತ್ರಿ ಮಂತ್ರದಲ್ಲಿ ಆ ಧಾತು ಬುದ್ಧಿಯನ್ನು ಒಳಿತಿನ ಕಡೆ ನಡೆಸು ಎಂಬ ಬೇಡಿಕೆಯಲ್ಲಿ ಬರುತ್ತದೆ. ಈಗ ಪತ್ರಿಕೆಗಳಲ್ಲಿ ‘ಪ್ರಚೋದನಕಾರಿ ಭಾಷಣ’ ಎಂದರೆ ಗಲಾಟೆ ಎಬ್ಬಿಸುವ ಭಾಷಣ.

ಬೈಬಲ್ ಓದುವಾಗ ಇದು ಬೇಕಾಗುತ್ತದೆ. ಎಫೆಸಿಯರಿಗೆ 6:4ರಲ್ಲಿ ತಂದೆಗಳು ಮಕ್ಕಳನ್ನು ಕೆರಳಿಸಬಾರದೆಂಬ ಮಾತಿದೆ. ಹಿಬ್ರಿಯರಿಗೆ 10:24ರಲ್ಲಿ ಪ್ರೀತಿಗೂ ಸತ್ಕಾರ್ಯಕ್ಕೂ ಒಬ್ಬರನ್ನೊಬ್ಬರು ಎಬ್ಬಿಸಬೇಕೆಂದಿದೆ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಎರಡೂ ಕಡೆ ‘ಪ್ರವೋಕ್’ ಎಂಬುದೇ ಪದ. ಎರಡನೆಯದಕ್ಕೆ ಹಳೆಯ ತೆಲುಗು ಬೈಬಲಿನಲ್ಲಿ ‘ಪುರಿಕೊಲ್ಪು’ ಎಂದಿದೆ. ತೆಲುಗಿನ ಆ ‘ಪುರಿ’ ನಮ್ಮ ‘ಹುರಿ’ಯೇ, ಹಗ್ಗ ಹೊಸೆಯುವಾಗಿನ ಹುರಿ. ‘ಹುರಿಗೊಳಿಸು’ ಎಂದು ನಾವೂ ಅನ್ನುತ್ತೇವೆ. ಕೃಷ್ಣಾ, ಮಕ್ತಲ್ ಕಡೆಯ ನಮಗೆ ಎರಡು ಭಾಷೆ ಕಿವಿಗೆ ಬೀಳುವುದರಿಂದ ಇಂಥ ಲಾಭವೂ ಉಂಟು.

ಇನ್ನೂ ಬೆರಗಿನ ಸಂಗತಿ ಗ್ರೀಕ್ ಮೂಲದಲ್ಲಿದೆ. ‘ಎರೆಥಿಜೋ’ ಎಂಬ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ. ಕೊಲೊಸ್ಸೆಯರಿಗೆ 3:21ರಲ್ಲಿ, ಮಕ್ಕಳನ್ನು ಕೆಣಕಿದರೆ ಅವರು ಎದೆಗುಂದುತ್ತಾರೆ ಎನ್ನುವಲ್ಲಿ. 2 ಕೊರಿಂಥಿಯರಿಗೆ 9:2ರಲ್ಲಿ, ಜೆರುಸಲೇಮಿನ ಬಡವರಿಗೆ ನೆರವು ಕೊಡಲು ಒಬ್ಬರ ಉತ್ಸಾಹ ಇನ್ನೊಬ್ಬರನ್ನು ಎಬ್ಬಿಸಿತು ಎನ್ನುವಲ್ಲಿ.

ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗೋ ಇಂಗ್ಲಿಷೋ ಓದುತ್ತಾರೆ. ಭಾನುವಾರ ಪೂಜೆಯಲ್ಲಿ ಕನ್ನಡ ವಾಚನ ಓದಲು ನಿಂತು ಒತ್ತಕ್ಷರದಲ್ಲಿ ತಡವರಿಸುತ್ತಾರೆ. “ಕನ್ನಡದವನಾಗಿ ಇಷ್ಟೂ ಬರಂಗಿಲ್ಲೇನು? ಆ ಮನಿ ಹುಡುಗೀನ್ ನೋಡು” ಎಂದು ಬಾಗಿಲಲ್ಲೇ ಅಂದುಬಿಡುತ್ತೇವೆ, ನಾನೂ ಅಂದಿದ್ದೇನೆ. ಹುರಿದುಂಬಿಸುತ್ತಿದ್ದೇನೆ ಎಂದೇ ನಾನು ತಿಳಿದದ್ದು. ಮುಂದಿನ ಎರಡು ಭಾನುವಾರ ಆ ಹುಡುಗ ಪೀಠದ ಹತ್ತಿರ ಬರಲಿಲ್ಲ. ಮೂರನೆಯ ವಾರ ಅವನಜ್ಜಿ ಶನಿವಾರ ಸಂಜೆ ಪಕ್ಕದಲ್ಲಿ ಕೂತು, ತಾನೊಂದು ಸಾಲು, ಅವನೊಂದು ಸಾಲು ಓದಿಸಿದರು. ಅಜ್ಜಿಗೂ ಓದು ಅಷ್ಟಕ್ಕಷ್ಟೇ. ಹುಡುಗ ಬಂದು ಓದಿದ.

ಈ ವಾರ ಮನೆಯಲ್ಲಿ ಕೊಲೊಸ್ಸೆಯರಿಗೆ 3:21 ಮತ್ತು 2 ಕೊರಿಂಥಿಯರಿಗೆ 9:2 ವಚನಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಬೈಬಲುಗಳಲ್ಲಿ ಮಕ್ಕಳಿಂದಲೇ ಓದಿಸಿರಿ. ಯಾವ ಭಾಷೆಯಲ್ಲಿ ಯಾವ ಪದ ಬಂದಿದೆ ಎಂದು ಅವರೇ ಹುಡುಕಿ ಬರೆದುಕೊಳ್ಳಲಿ. ಪೂಜೆಯ ನಂತರ ಕೂಡಿ ನೋಡೋಣ.