ವಿಶ್ವವಿದ್ಯಾನಿಲಯದ ಪ್ರಯೋಗಾಲಯದಿಂದ ಗ್ರಹಲೋಕದವರೆಗೆ

2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾ ರಾಜ್ಯದ ಲೆಮನ್ ಪರ್ವತದ ಮೇಲಿನ ದೂರದರ್ಶಕವೊಂದರಲ್ಲಿ ಮಂದವಾದ ಬೆಳಕಿನ ಚುಕ್ಕೆಯೊಂದು ಗೋಚರಿಸಿತು. ಅದು ಸುಮಾರು 4 ಮೀಟರ್ ಗಾತ್ರದ ಕ್ಷುದ್ರಗ್ರಹವಾಗಿತ್ತು. ಅದರ ಪಥವನ್ನು ಗಣಿಸಿದಾಗ, ಒಂದು ದಿನ ತುಂಬುವುದರೊಳಗೆ ಅದು ಭೂಮಿಯ ವಾಯುಮಂಡಲವನ್ನು ಪ್ರವೇಶಿಸುವುದೆಂದು ತಿಳಿದುಬಂದಿತು. ಲೆಕ್ಕ ತಪ್ಪಲಿಲ್ಲ. ಮರುದಿನವೇ ಅದು ಸುಡಾನ್ ದೇಶದ ಮರುಭೂಮಿಯ ಮೇಲೆ ಉರಿದು ಚೂರುಚೂರಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಖಾರ್ಟೂಮ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಮರಳಿನಲ್ಲಿ ಸಾಲಾಗಿ ನಡೆದು ಅದರ ಕಪ್ಪು ಚೂರುಗಳನ್ನು ಹುಡುಕಿ ತೆಗೆದರು. ಆಕಾಶದಲ್ಲಿರುವಾಗಲೇ ಗುರುತಿಸಲ್ಪಟ್ಟು, ಬಳಿಕ ನೆಲದಲ್ಲಿ ಕೈಗೆ ದೊರೆತ ಮೊದಲ ಕ್ಷುದ್ರಗ್ರಹ ಇದೇ.

ಈ ಚುಕ್ಕೆಯನ್ನು ಮೊದಲು ಕಂಡದ್ದು ಸೇನೆಯಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ಟೂಸಾನ್ ನಗರದಲ್ಲಿರುವ ಅರಿಜೋನಾ ವಿಶ್ವವಿದ್ಯಾನಿಲಯದ ಚಂದ್ರ ಮತ್ತು ಗ್ರಹ ಪ್ರಯೋಗಾಲಯದ ಕ್ಷುದ್ರಗ್ರಹ ಶೋಧನಾ ತಂಡ ಅದನ್ನು ಗುರುತಿಸಿತು. ವಿಶ್ವವಿದ್ಯಾನಿಲಯವೊಂದು ಗ್ರಹವಿಜ್ಞಾನಕ್ಕೆ ಎಂತಹ ಕೊಡುಗೆ ನೀಡಬಲ್ಲದು ಎಂಬುದಕ್ಕೆ ಈ ಸಂಸ್ಥೆಯ ಇತಿಹಾಸ ಉತ್ತಮ ನಿದರ್ಶನವಾಗಿದೆ.

ಸ್ಥಾಪನೆ

ಈ ಪ್ರಯೋಗಾಲಯವನ್ನು 1960ರಲ್ಲಿ ಸ್ಥಾಪಿಸಿದವರು ಗೆರಾರ್ಡ್ ಕೈಪರ್. 1905ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಜನಿಸಿದ ಅವರು ಅಮೆರಿಕದಲ್ಲಿ ನೆಲೆಸಿದ ಖಗೋಳವಿಜ್ಞಾನಿ. ಶನಿಗ್ರಹದ ಉಪಗ್ರಹವಾದ ಟೈಟನ್ನಿಗೆ ಮೀಥೇನ್ ಅನಿಲವುಳ್ಳ ವಾಯುಮಂಡಲವಿದೆ ಎಂಬುದನ್ನು 1944ರಲ್ಲಿ ತೋರಿಸಿಕೊಟ್ಟ ಕೀರ್ತಿ ಅವರದು. ಆ ಕಾಲದಲ್ಲಿ ಬಹುಪಾಲು ಖಗೋಳವಿಜ್ಞಾನಿಗಳ ಆಸಕ್ತಿ ನಕ್ಷತ್ರಗಳ ಮೇಲೆ ಮತ್ತು ಗೆಲಾಕ್ಸಿಗಳ ಮೇಲೆ ಕೇಂದ್ರೀಕೃತವಾಗಿತ್ತು. ಗ್ರಹಗಳ ಅಧ್ಯಯನವನ್ನು ಪ್ರತ್ಯೇಕ ವಿಜ್ಞಾನವೆಂದು ಕೆಲವರಷ್ಟೇ ಪರಿಗಣಿಸಿದ್ದರು. ನಿರ್ಮಲ ಆಕಾಶವುಳ್ಳ ಅರಿಜೋನಾದ ಒಣ ಪ್ರದೇಶವನ್ನು ಕೈಪರ್ ಆರಿಸಿಕೊಂಡರು.

ಚಂದ್ರನ ನಕ್ಷೆ

ಪ್ರಯೋಗಾಲಯದ ಮೊದಲ ಮುಖ್ಯ ಕಾರ್ಯ ಚಂದ್ರನ ನಕ್ಷೆಗಳ ರಚನೆ. ಭೂಮಿಯಿಂದ ನೋಡುವಾಗ ಚಂದ್ರಬಿಂಬದ ಅಂಚಿನಲ್ಲಿರುವ ಕುಳಿಗಳು ಓರೆಯಾಗಿ, ಒತ್ತಿದಂತೆ ಕಾಣುತ್ತವೆ. ಈ ತೊಡಕಿಗೆ ಇಲ್ಲಿ ಸರಳವಾದ ಉಪಾಯವೊಂದನ್ನು ಕಂಡುಕೊಳ್ಳಲಾಯಿತು. ದೂರದರ್ಶಕದಿಂದ ತೆಗೆದ ಛಾಯಾಚಿತ್ರವನ್ನು ಬಿಳಿಯ ಗೋಳವೊಂದರ ಮೇಲೆ ಬೆಳಕಿನ ಮೂಲಕ ಮೂಡಿಸಿ, ಆ ಗೋಳವನ್ನು ಪಕ್ಕದಿಂದ ಮತ್ತೆ ಚಿತ್ರಿಸಲಾಯಿತು. ಆಗ ಅಂಚಿನ ಭಾಗಗಳು ನೇರವಾಗಿ ಮೇಲಿನಿಂದ ನೋಡಿದಂತೆ ತೋರಿದವು. ಒರಿಯೆಂಟೇಲ್ ಎಂಬ ಭಾರಿ ಹೊಂಡದ ಸುತ್ತ ಉಂಗುರಗಳಂತೆ ಹಬ್ಬಿರುವ ಪರ್ವತಶ್ರೇಣಿಗಳು 1962ರಲ್ಲಿ ಬೆಳಕಿಗೆ ಬಂದದ್ದು ಈ ಕ್ರಮದಿಂದಲೇ.

1964ರ ಜುಲೈ 31ರಂದು ರೇಂಜರ್ 7 ನೌಕೆ ಚಂದ್ರನಿಗೆ ಅಪ್ಪಳಿಸುವ ಮುನ್ನ 4,300ಕ್ಕೂ ಹೆಚ್ಚು ಚಿತ್ರಗಳನ್ನು ಭೂಮಿಗೆ ಕಳುಹಿಸಿತು. ಅವುಗಳನ್ನು ವಿಶ್ಲೇಷಿಸಿದ ವಿಜ್ಞಾನಿಗಳ ತಂಡದ ಮುಖ್ಯಸ್ಥರು ಕೈಪರ್ ಅವರೇ. 1973ರಲ್ಲಿ ಅವರು ನಿಧನರಾದರು. ಆದರೆ ಅವರು ಆರಂಭಿಸಿದ ಕಾರ್ಯ ನಿಲ್ಲಲಿಲ್ಲ.

ದೂರದ ಲೋಕಗಳಲ್ಲಿ

2005ರ ಜನವರಿ 14ರಂದು ಹೈಗನ್ಸ್ ಶೋಧಕವು ಟೈಟನ್ನಿನ ವಾಯುಮಂಡಲದಲ್ಲಿ ಪ್ಯಾರಾಚೂಟಿನ ನೆರವಿನಿಂದ ಇಳಿದು ಅದರ ನೆಲವನ್ನು ಮುಟ್ಟಿತು. ಇಳಿಯುತ್ತಿರುವಾಗ ಅಲ್ಲಿನ ಕಾಲುವೆಗಳನ್ನೂ ಇಳಿದ ಬಳಿಕ ದುಂಡನೆಯ ಕಲ್ಲುಗಳನ್ನೂ ಚಿತ್ರಿಸಿದ ಉಪಕರಣವನ್ನು ರೂಪಿಸಿದ ತಂಡದ ನಾಯಕತ್ವ ಇದೇ ಪ್ರಯೋಗಾಲಯದ್ದಾಗಿತ್ತು. ಸ್ಥಾಪಕರು 61 ವರ್ಷಗಳ ಹಿಂದೆ ಬೆಳಕಿನ ವರ್ಣಪಟಲದಲ್ಲಿ ಮಾತ್ರ ಗುರುತಿಸಿದ್ದ ಲೋಕದ ನೆಲವನ್ನು ಅವರ ಉತ್ತರಾಧಿಕಾರಿಗಳು ಹೀಗೆ ಕಣ್ಣಾರೆ ಕಂಡರು.

ಮಂಗಳಗ್ರಹವನ್ನು ಸುತ್ತುವ ನೌಕೆಯೊಂದರಲ್ಲಿ 2006ರಿಂದ ಕಾರ್ಯನಿರ್ವಹಿಸಿದ ಹೈರೈಸ್ ಕ್ಯಾಮೆರಾದ ಹೊಣೆಯೂ ಈ ಸಂಸ್ಥೆಯದೇ. ಸುಮಾರು 300 ಕಿಲೋಮೀಟರ್ ಎತ್ತರದಿಂದ ಒಂದು ಮೀಟರ್ ಗಾತ್ರದ ವಸ್ತುಗಳನ್ನು ತೋರಿಸುವ ಸಾಮರ್ಥ್ಯ ಅದಕ್ಕಿದೆ. 2008ರ ಮೇ 25ರಂದು ಮಂಗಳದ ಉತ್ತರ ಧ್ರುವ ಪ್ರದೇಶದಲ್ಲಿ ಇಳಿದ ಫೀನಿಕ್ಸ್ ನೌಕೆ ಮಣ್ಣನ್ನು ಕೆದಕಿ ಅದರಡಿಯ ನೀರ್ಗಲ್ಲನ್ನು ಪತ್ತೆಹಚ್ಚಿತು. ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದರ ನೇತೃತ್ವದಲ್ಲಿ ನಡೆದ ಮೊದಲ ಮಂಗಳಯಾನ ಅದಾಗಿತ್ತು.

ಬೆನ್ನುವಿನ ಮಣ್ಣು

ಇವೆಲ್ಲಕ್ಕಿಂತ ದೀರ್ಘ ತಾಳ್ಮೆಯನ್ನು ಬೇಡಿದ್ದು ಒಸೈರಿಸ್-ರೆಕ್ಸ್ ಯೋಜನೆ. ಸುಮಾರು 500 ಮೀಟರ್ ಅಗಲದ ಬೆನ್ನು ಎಂಬ ಕ್ಷುದ್ರಗ್ರಹದಿಂದ ಮಣ್ಣಿನ ಮಾದರಿಯನ್ನು ತರುವುದು ಇದರ ಗುರಿ. ಯೋಜನೆಯ ಮೊದಲ ನೇತಾರ ಮೈಕೆಲ್ ಡ್ರೇಕ್ ಅದಕ್ಕೆ ಒಪ್ಪಿಗೆ ದೊರೆತ 2011ರಲ್ಲಿಯೇ ನಿಧನರಾದರು. ಅವರ ಸಹೋದ್ಯೋಗಿ ಡಾಂಟೆ ಲಾರೆಟಾ ಹೊಣೆಯನ್ನು ಮುಂದುವರಿಸಿದರು. 2016ರಲ್ಲಿ ಹೊರಟ ನೌಕೆ 2020ರ ಅಕ್ಟೋಬರ್ 20ರಂದು ಬೆನ್ನುವನ್ನು ಕೆಲವೇ ಕ್ಷಣ ಸ್ಪರ್ಶಿಸಿತು. 2023ರ ಸೆಪ್ಟೆಂಬರ್ 24ರಂದು ಮಾದರಿಯ ಕೋಶ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಯಿತು. ಅದರಲ್ಲಿ ದೊರೆತ ಮಣ್ಣಿನ ತೂಕ 121.6 ಗ್ರಾಂ.

ಈ ಹಿಡಿಯಷ್ಟು ಮಣ್ಣಿನಲ್ಲಿ ಜೀವಿಗಳು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಇರುವುದನ್ನು 2025ರ ಜನವರಿಯಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಉಪ್ಪುನೀರು ಆವಿಯಾದಾಗ ಉಳಿಯುವಂತಹ ಲವಣಗಳೂ ಅದರಲ್ಲಿದ್ದವು. ಇದರಿಂದ ಬೆನ್ನುವಿನಲ್ಲಿ ಜೀವಿಗಳಿದ್ದವೆಂದು ಸಿದ್ಧವಾಗುವುದಿಲ್ಲ. ಜೀವೋತ್ಪತ್ತಿಗೆ ಬೇಕಾದ ಮೂಲದ್ರವ್ಯಗಳು ಸೌರವ್ಯೂಹದ ಆದಿಕಾಲದಲ್ಲಿಯೇ ಇದ್ದವು ಎಂಬುದಷ್ಟೇ ಇದರ ಅರ್ಥ.

ಎಚ್ಚರ, ಆತಂಕವಲ್ಲ

ಬೆನ್ನುವಿನ ಅಧ್ಯಯನಕ್ಕೆ ಇನ್ನೊಂದು ಪ್ರಯೋಜನವೂ ಇದೆ. 2182ರಲ್ಲಿ ಅದು ಭೂಮಿಗೆ ಡಿಕ್ಕಿ ಹೊಡೆಯುವ ಸಂಭವ ಸುಮಾರು 2,700ರಲ್ಲಿ ಒಂದು ಎಂದು ಗಣಿಸಲಾಗಿದೆ. ಸಂಭವ ಅತ್ಯಲ್ಪವಾದರೂ ಸೂರ್ಯನ ಶಾಖದಿಂದ ಅದರ ಕಕ್ಷೆ ಎಷ್ಟು ಪಲ್ಲಟವಾಗುತ್ತದೆ ಎಂಬುದನ್ನು ಅರಿಯುವುದು ಅಗತ್ಯ. ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹ 2029ರ ಏಪ್ರಿಲ್ 13ರಂದು ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುವುದೆಂದು ಗಣಿಸಲಾಗಿದೆ. ಅದರಿಂದ ಕನಿಷ್ಠ 100 ವರ್ಷಗಳವರೆಗೆ ಅಪಾಯವಿಲ್ಲವೆಂದು 2021ರಲ್ಲಿ ಖಚಿತಪಟ್ಟಿತು. ವರ್ಷಗಟ್ಟಲೆ ನಡೆದ ಅಳತೆಗಳಿಂದಲೇ ಈ ನಿಶ್ಚಿಂತೆ ಲಭಿಸಿತು ಎಂಬುದು ಗಮನಾರ್ಹ.

ಭಾರತದಲ್ಲಿಯೂ ಇಂತಹ ಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನಲ್ಲಿರುವ ವೀಕ್ಷಣಾಲಯದಿಂದ 1988ರಲ್ಲಿ ಪತ್ತೆಯಾದ ಕ್ಷುದ್ರಗ್ರಹವೊಂದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರನ್ನು ಇಡಲಾಗಿದೆ.

ಗ್ರಹಯಾನಗಳು ಒಬ್ಬರ ಆಯುಷ್ಯದಲ್ಲಿ ಮುಗಿಯುವ ಕೆಲಸಗಳಲ್ಲ. ಒಂದು ತಲೆಮಾರು ಕೇಳಿದ ಪ್ರಶ್ನೆಗೆ ಮುಂದಿನ ತಲೆಮಾರು ಉತ್ತರ ಹುಡುಕಬೇಕಾಗುತ್ತದೆ. ಗುರುವಿನಿಂದ ಶಿಷ್ಯನಿಗೆ ವಿದ್ಯೆ ಸಾಗುವ ವಿಶ್ವವಿದ್ಯಾನಿಲಯಗಳು ಈ ಕಾರ್ಯಕ್ಕೆ ಸಹಜವಾದ ನೆಲೆಗಳಾಗಿವೆ. ಬೆನ್ನುವಿನಿಂದ ಬಂದ ಮಣ್ಣಿನ ಬಹುಭಾಗವನ್ನು ಇಂದಿನವರು ಮುಟ್ಟದೆ ಕಾದಿರಿಸಿದ್ದಾರೆ. ಇನ್ನೂ ಉತ್ತಮ ಉಪಕರಣಗಳೊಂದಿಗೆ ನಾಳೆ ಬರುವ ವಿದ್ಯಾರ್ಥಿಗಳಿಗೆ ಅದು ಮೀಸಲು.