ಸರ್ಟಿಫಿಕೇಟ್ ಗೋಡೆ ಮೇಲಿದ್ದರೆ ಸಾಲದು

ಪಿಯುಸಿ ಫಲಿತಾಂಶ ಬಂದ ಮೇಲೆ ನಡೆಯುವ ಕಾನೂನು ಅರಿವು ಶಿಬಿರಗಳಲ್ಲಿ ಪೋಷಕರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮಗ ಡಿ.ಫಾರ್ಮ್ ಮಾಡಿದ್ರೆ ಮೆಡಿಕಲ್ ಶಾಪ್ ಇಡಬಹುದಲ್ವಾ ಸಾರ್?" ಇಡಬಹುದು, ಆದರೆ ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ, ಪಾಸಾದ ಮಾತ್ರಕ್ಕಲ್ಲ. ಕೋರ್ಸು, ತರಬೇತಿ, ನೋಂದಣಿ, ಅಂಗಡಿ ಲೈಸೆನ್ಸ್ ಎಲ್ಲವೂ ಬೇರೆ ಬೇರೆ ಹಂತಗಳು. ಒಂದನ್ನು ಮುಗಿಸಿದವರಿಗೆ ಇನ್ನೊಂದು ತಾನಾಗಿ ದಕ್ಕುವುದಿಲ್ಲ. ಬಹಳ ಮಂದಿಗೆ ಇದು ಗೊತ್ತಾಗುವುದು ಅಂಗಡಿಗೆ ಅಡ್ವಾನ್ಸ್ ಕೊಟ್ಟಾದ ಮೇಲೆ.

ಮೂಲ ಕಾನೂನು 1948ರ ಫಾರ್ಮಸಿ ಕಾಯ್ದೆ. ವೈದ್ಯರ ಚೀಟಿ ಪ್ರಕಾರ ಔಷಧಿ ತಯಾರಿಸುವುದು, ಬೆರೆಸುವುದು, ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಮಾಡಬಹುದಾದ ಕೆಲಸ ಎನ್ನುತ್ತದೆ ಅದರ 42ನೇ ಕಲಂ. ವೈದ್ಯರು ತಮ್ಮದೇ ರೋಗಿಗಳಿಗೆ ಔಷಧಿ ಕೊಡುವುದಕ್ಕೆ ವಿನಾಯಿತಿ ಇದೆ. ಉಳಿದವರು ಕೊಟ್ಟರೆ ಅಪರಾಧ. ಜೈಲು, ದಂಡ ಎರಡಕ್ಕೂ ಅವಕಾಶವಿದೆ. "ಹತ್ತು ವರ್ಷದಿಂದ ಕೌಂಟರ್‌ನಲ್ಲಿದ್ದೀನಿ, ಯಾವ ಮಾತ್ರೆ ಯಾವುದಕ್ಕೆ ಅಂತ ನನಗೆ ಗೊತ್ತು" ಎನ್ನುವವರ ಅನುಭವವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕಾನೂನು ಕೇಳುವುದು ಅನುಭವವನ್ನಲ್ಲ, ರಿಜಿಸ್ಟರ್‌ನಲ್ಲಿ ಹೆಸರಿದೆಯೇ ಎಂಬುದನ್ನು.

ಆ ಹೆಸರು ಬರಲು ಕನಿಷ್ಠ ಅರ್ಹತೆ ಡಿ.ಫಾರ್ಮ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ, ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ತೆಗೆದುಕೊಂಡಿರಬೇಕು. ಎರಡು ವರ್ಷದ ಓದು, ನಂತರ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಕರ್ನಾಟಕದಲ್ಲಿ ಡಿ.ಫಾರ್ಮ್ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯವಲ್ಲ, ಬೋರ್ಡ್ ಆಫ್ ಎಕ್ಸಾಮಿನಿಂಗ್ ಅಥಾರಿಟಿ. ಬಿ.ಫಾರ್ಮ್ ನಾಲ್ಕು ವರ್ಷ, ಫಾರ್ಮ್.ಡಿ ಆರು ವರ್ಷ. ಆರನೆಯದು ಪೂರ್ತಿ ಇಂಟರ್ನ್‌ಶಿಪ್. ಇವೆರಡಕ್ಕೆ ಸರ್ಕಾರಿ ಕೋಟಾದ ಸೀಟು ಬೇಕಾದವರು ಸಿಇಟಿ ಬರೆಯಬೇಕು. ಡಿ.ಫಾರ್ಮ್ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಬಿ.ಫಾರ್ಮ್ ಎರಡನೇ ವರ್ಷಕ್ಕೆ ಸೇರಬಹುದು. ಊರಲ್ಲೊಂದು ಮೆಡಿಕಲ್ಸ್ ಇಡುವುದಷ್ಟೇ ಗುರಿಯಾದರೆ ಡಿ.ಫಾರ್ಮ್ ಸಾಕು. ಮುಂದೆ ಕಂಪನಿ ಕೆಲಸವೋ ಡ್ರಗ್ ಇನ್ಸ್‌ಪೆಕ್ಟರ್ ಹುದ್ದೆಯೋ ಮನಸ್ಸಿನಲ್ಲಿದ್ದರೆ ಪದವಿಯೇ ಬೇಕು.

ಕಾಲೇಜು ಆರಿಸುವಾಗಲೇ ನಿಜವಾದ ಕಾನೂನು ಕೆಲಸ ಇರುವುದು. ಕೋರ್ಸಿಗೂ ಪರೀಕ್ಷೆಗೂ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ, ಮಾನ್ಯತೆ ಕೊಟ್ಟಿರಬೇಕು. "ನಮಗೆ ಎಐಸಿಟಿಇ ಇದೆಯಲ್ಲ" ಎಂದು ಪ್ರವೇಶ ಕೌಂಟರ್‌ನಲ್ಲಿ ಹೇಳಿದರೆ ತಾಂತ್ರಿಕ ಶಿಕ್ಷಣ ಮಂಡಳಿಯ ಆ ಅನುಮತಿಯನ್ನೇ ನಂಬಿ ಕೂರಬೇಡಿ. ಫಾರ್ಮಸಿ ಶಿಕ್ಷಣದ ವಿಷಯದಲ್ಲಿ ಅಂತಿಮ ಮಾತು ಪಿಸಿಐಯದ್ದೇ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೊಸ ಕಾಲೇಜುಗಳಿಗೆ ಪಿಸಿಐ ಐದು ವರ್ಷದ ತಡೆ ಹಾಕಿತ್ತು. ಅದನ್ನು ಪ್ರಶ್ನಿಸಿ ಹೈಕೋರ್ಟ್‌ಗಳಿಗೆ ಹೋದವರಲ್ಲಿ ನಮ್ಮ ರಾಜ್ಯದ ಕಾಲೇಜುಗಳೂ ಇದ್ದವು. ಬರೀ ನಿರ್ಣಯದ ಮೂಲಕ ಇಂಥ ತಡೆ ಹೇರಲು ಬರುವುದಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಸ್ಥೆಗಳ ಹಕ್ಕಿನ ದೃಷ್ಟಿಯಿಂದ ತೀರ್ಪು ಸರಿಯೇ. ಹೊಸ ಕಾಲೇಜುಗಳು ಹೆಚ್ಚಿದಷ್ಟೂ ವಿಚಾರಿಸಿ ಸೇರುವ ಹೊಣೆ ಮಾತ್ರ ಪೋಷಕರ ಹೆಗಲಿಗೆ ಬಿತ್ತು.

ಆದ್ದರಿಂದ ಫೀಸು ಕಟ್ಟುವ ಮುಂಚೆ ಪಿಸಿಐ ಜಾಲತಾಣದಲ್ಲಿ ಕಾಲೇಜಿನ ಹೆಸರು ನೋಡಿ. ಹೆಸರಿದ್ದರೆ ಸಾಲದು, ನೀವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ, ಎಷ್ಟು ಸೀಟಿಗೆ ಇದೆ ಎಂದೂ ನೋಡಿ. ಬಿ.ಫಾರ್ಮ್‌ಗೆ ಮಾನ್ಯತೆ ಇದ್ದು ಡಿ.ಫಾರ್ಮ್‌ಗೆ ಇಲ್ಲದಿರಬಹುದು. ಅನುಮತಿ ಪತ್ರದ ಪ್ರತಿ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುವ ಕಾಲೇಜಿನಿಂದ ಅಲ್ಲೇ ಎದ್ದು ಬನ್ನಿ. ಮಾನ್ಯತೆ ಇಲ್ಲದ ಕಡೆ ಓದಿದರೆ ಅಂಕಪಟ್ಟಿ ಕೈಗೆ ಬರಬಹುದು, ನೋಂದಣಿ ಆಗುವುದಿಲ್ಲ.

ಇನ್ನು 500 ಗಂಟೆಗಳ ತರಬೇತಿ. ಇದು ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಹರಡಿರಬೇಕು, ಅದರಲ್ಲಿ 250 ಗಂಟೆಯಾದರೂ ವೈದ್ಯರ ಚೀಟಿ ನೋಡಿ ಔಷಧಿ ಕೊಡುವ ಕೆಲಸದಲ್ಲೇ ಕಳೆಯಬೇಕು ಎನ್ನುತ್ತದೆ ನಿಯಮ. ಆಸ್ಪತ್ರೆಯ ಔಷಧಾಲಯದಲ್ಲೋ ಲೈಸೆನ್ಸ್ ಇರುವ ಮೆಡಿಕಲ್ಸ್‌ನಲ್ಲೋ ನೋಂದಾಯಿತ ಫಾರ್ಮಸಿಸ್ಟ್ ಕೈಕೆಳಗೆ ಕಲಿಯಬೇಕು. ಪರಿಚಯದ ಅಂಗಡಿಯಲ್ಲಿ ಸೀಲು ಹಾಕಿಸಿಕೊಂಡು ಬಂದರಾಯಿತು ಎಂಬ ಸಲಹೆ ಕ್ಯಾಂಪಸ್‌ಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದು ಸುಳ್ಳು ದಾಖಲೆ ಎಂಬುದು ಒಂದು ಮಾತು. ಇನ್ನೊಂದು, ನಾಳೆ ಕೌಂಟರ್‌ನಲ್ಲಿ ನಿಂತಾಗ ಬೇಕಾಗುವುದೆಲ್ಲ ಕಲಿಯುವುದು ಅಲ್ಲೇ. ಚೀಟಿ ಕೈಗೆ ಬಂದರೆ ಮೊದಲು ವೈದ್ಯರ ಸಹಿ, ತಾರೀಕು, ರೋಗಿಯ ಹೆಸರು, ವಿಳಾಸ, ಪ್ರಮಾಣ ಇದೆಯೇ ನೋಡಬೇಕು. ಚೀಟಿ ಇಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್ ಔಷಧಿ ಬರೆದಿದ್ದರೆ ಅದನ್ನೇ ಕೊಡಬೇಕು; "ಆ ಕಂಪನಿದು ಖಾಲಿ, ಇದೂ ಅದೇ" ಎಂದು ಬೇರೆ ಕೊಡುವುದಕ್ಕೆ ನಿಯಮದಲ್ಲಿ ಜಾಗವಿಲ್ಲ. ವೈದ್ಯರು ಮತ್ತೆ ಕೊಡಿ ಎಂದು ಬರೆಯದಿದ್ದರೆ ಅದೇ ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. ಇನ್ನೂ ಬಿಗಿ ನಿಯಮದ ಶೆಡ್ಯೂಲ್ ಎಚ್1 ಪಟ್ಟಿಯ ಆಂಟಿಬಯೋಟಿಕ್ ಆದರೆ ಪ್ರತ್ಯೇಕ ರಿಜಿಸ್ಟರ್ ತೆರೆದು ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವೆಂಬುದನ್ನು ಬರೆದು ಮೂರು ವರ್ಷ ಕಾಪಾಡಬೇಕು. ಇದೆಲ್ಲ ಪಠ್ಯದಲ್ಲೂ ಇದೆ. ಆದರೆ ಸಂಜೆ ಏಳು ಗಂಟೆಗೆ ಕೌಂಟರ್ ಮುಂದೆ ಹತ್ತು ಜನ ನಿಂತಾಗಲೂ ರಿಜಿಸ್ಟರ್ ಬರೆಯುವ ಅಭ್ಯಾಸ ಪಠ್ಯದಿಂದ ಬರುವುದಿಲ್ಲ.

ಹೊಸ ಪಠ್ಯಕ್ರಮದ ಡಿ.ಫಾರ್ಮ್ ವಿದ್ಯಾರ್ಥಿಗಳಿಗೆ ಇನ್ನೊಂದು ಹಂತ ಸೇರಿದೆ. ನೋಂದಣಿಗೆ ಮುಂಚೆ ಪಾಸಾಗಬೇಕಾದ ಎಕ್ಸಿಟ್ ಪರೀಕ್ಷೆಯ ನಿಯಮವನ್ನು ಪಿಸಿಐ 2022ರಲ್ಲಿ ತಂದಿತು. ಮೊದಲ ಪರೀಕ್ಷೆ ನಡೆದದ್ದು 2024ರ ಅಕ್ಟೋಬರ್‌ನಲ್ಲಿ. ಮೂರು ಪತ್ರಿಕೆ, ಪ್ರತಿಯೊಂದರಲ್ಲೂ ಶೇ. 50 ಅಂಕ ಬೇಕು. ನಿಮ್ಮ ಬ್ಯಾಚ್‌ಗೆ ಅದು ಅನ್ವಯಿಸುತ್ತದೆಯೇ ಎಂದು ಸೀನಿಯರ್‌ಗಳನ್ನು ಕೇಳುವ ಬದಲು ರಾಜ್ಯ ಫಾರ್ಮಸಿ ಕೌನ್ಸಿಲ್‌ಗೆ ಬರೆದು ಕೇಳಿ.

ನೋಂದಣಿ ಮಾಡುವುದು ಬೆಂಗಳೂರಿನ ವಿಜಯನಗರದಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ರಾಜ್ಯದಲ್ಲಿ ವಾಸವಿರಬೇಕು ಅಥವಾ ಇಲ್ಲೇ ವೃತ್ತಿ ನಡೆಸುತ್ತಿರಬೇಕು. ಬೆಳಗಾವಿ ಕಡೆಯವರು ಮಹಾರಾಷ್ಟ್ರದಲ್ಲಿ, ಗಡಿಯಾಚೆಯ ಕಾಸರಗೋಡಿನ ಕನ್ನಡಿಗರು ಮಂಗಳೂರಿನಲ್ಲಿ ಓದುವುದುಂಟು. ಬೇರೆ ರಾಜ್ಯದಲ್ಲಿ ಈಗಾಗಲೇ ನೋಂದಣಿಯಾಗಿದ್ದರೆ ಅಲ್ಲಿಯ ಕೌನ್ಸಿಲ್‌ನಿಂದ ಎನ್‌ಒಸಿ ತಂದು ವರ್ಗಾಯಿಸಿಕೊಳ್ಳಿ. ಎರಡು ರಾಜ್ಯದಲ್ಲಿ ಹೆಸರು ಇಟ್ಟುಕೊಳ್ಳಲು ಹೋಗಬೇಡಿ. ಅರ್ಜಿ ತಿರಸ್ಕೃತವಾದರೆ ಏಜೆಂಟ್ ಹುಡುಕುವ ಅಗತ್ಯವಿಲ್ಲ. ರಿಜಿಸ್ಟ್ರಾರ್ ಆದೇಶದ ವಿರುದ್ಧ ಮೂರು ತಿಂಗಳೊಳಗೆ ಕೌನ್ಸಿಲ್‌ಗೇ ಮೇಲ್ಮನವಿ ಹಾಕುವ ಹಕ್ಕು ಕಾಯ್ದೆಯ 33ನೇ ಕಲಂನಲ್ಲಿದೆ. ಅದಕ್ಕೆ ಆದೇಶ ಲಿಖಿತವಾಗಿ ಕೈಯಲ್ಲಿರಬೇಕು, ಕೇಳಿ ಪಡೆಯಿರಿ. ನೋಂದಣಿ ಸಿಕ್ಕ ಮೇಲೆ ನವೀಕರಣ ಮರೆಯಬೇಡಿ. ಐದು ವರ್ಷದಲ್ಲಿ ಒಂದೊಂದು ದಿನದ್ದಾದರೂ ಎರಡು ರಿಫ್ರೆಶರ್ ಕೋರ್ಸ್‌ಗೆ ಹೋಗಬೇಕು ಎನ್ನುತ್ತವೆ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು.

ಅಂಗಡಿ ಇಡುವುದಾದರೆ ಮತ್ತೊಂದು ಕಚೇರಿ: ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರದು. ಚಿಲ್ಲರೆ ಮಾರಾಟಕ್ಕೆ ನಮೂನೆ 20 ಮತ್ತು 21ರ ಲೈಸೆನ್ಸ್, ಕನಿಷ್ಠ 10 ಚದರ ಮೀಟರ್ ಜಾಗ, ಫ್ರಿಡ್ಜ್. ಮಾಲೀಕರೇ ಫಾರ್ಮಸಿಸ್ಟ್ ಆಗಿರಬೇಕೆಂದಿಲ್ಲ, ನೋಂದಾಯಿತರೊಬ್ಬರನ್ನು ನೇಮಿಸಿಕೊಳ್ಳಬಹುದು. ಇಡೀ ವೃತ್ತಿಯ ರೋಗ ಹುಟ್ಟುವುದು ಇಲ್ಲೇ.

ರೋಗದ ಹೆಸರು ಸರ್ಟಿಫಿಕೇಟ್ ಬಾಡಿಗೆ. ಹುಡುಗಿ ಡಿ.ಫಾರ್ಮ್ ಮುಗಿಸಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ, ಸರ್ಟಿಫಿಕೇಟ್ ತವರೂರಿನ ಅಂಗಡಿಯ ಗೋಡೆಯಲ್ಲಿ ಫ್ರೇಮಿನೊಳಗೆ ಉಳಿಯುತ್ತದೆ. ತಿಂಗಳಿಗೊಮ್ಮೆ ಅಕೌಂಟಿಗೆ ಒಂದಿಷ್ಟು ಹಣ ಬೀಳುತ್ತದೆ. ಮನೆಯವರಿಗೆ ಇದು ಕುಳಿತಲ್ಲೇ ಬರುವ ಆದಾಯ. ಕಾನೂನಿಗೆ? ಚೀಟಿಯ ಔಷಧಿಯನ್ನು ಫಾರ್ಮಸಿಸ್ಟ್ ಖುದ್ದಾಗಿ ಅಥವಾ ಅವರ ಕಣ್ಣೆದುರಿನ ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು ಔಷಧ ನಿಯಮಾವಳಿಯ 65ನೇ ನಿಯಮ ಹೇಳುತ್ತದೆ. ತಾನಿಲ್ಲದ ಅಂಗಡಿಗೆ ಸರ್ಟಿಫಿಕೇಟ್ ಕೊಡುವುದು ವೃತ್ತಿ ದುರ್ನಡತೆ. ಕೌನ್ಸಿಲ್ ವಿಚಾರಣೆ ನಡೆಸಿ ರಿಜಿಸ್ಟರ್‌ನಿಂದ ಹೆಸರು ತೆಗೆಯಬಹುದು. ಅಲ್ಲಿ ಯಾವನೋ ಹುಡುಗ ತಪ್ಪು ಮಾತ್ರೆ ಕೊಟ್ಟು ಯಾರಿಗಾದರೂ ಅನಾಹುತವಾದರೆ ತನಿಖೆಯಲ್ಲಿ ಮೊದಲು ಓದುವ ಹೆಸರು ಫ್ರೇಮಿನಲ್ಲಿರುವುದೇ. ಆಗ ಮಾಲೀಕ "ಎಲ್ಲಾ ಅವರೇ ನೋಡ್ಕೋತಿದ್ರು" ಎಂದರೆ ಅಲ್ಲಗಳೆಯುವುದು ಸುಲಭವಲ್ಲ. ಪ್ರತಿದಿನ ಅಂಗಡಿಯಲ್ಲಿರುತ್ತೇನೆ ಎಂದು ಲೈಸೆನ್ಸ್ ಅರ್ಜಿಯ ಜೊತೆ ಬರೆದುಕೊಟ್ಟದ್ದು ನೀವೇ.

ಗ್ರಾಹಕರಿಗೂ ಇಲ್ಲಿ ಹಕ್ಕಿದೆ. ಬಿಳಿ ಕೋಟು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಹಾಕಿಕೊಂಡಿರಬೇಕಾದ ಫಾರ್ಮಸಿಸ್ಟ್ ಯಾರು ಎಂದು ಕೇಳಬಹುದು. ಊಟಕ್ಕೆ ಮುಂಚೆಯೋ ಆಮೇಲೋ, ಬಿಪಿ ಮಾತ್ರೆಯ ಜೊತೆ ಇದನ್ನು ನುಂಗಬಹುದೇ ಎಂದು ಅವರನ್ನೇ ವಿಚಾರಿಸಬಹುದು. ತಿಳಿಸಿ ಹೇಳುವುದು ಅವರ ಕೆಲಸದ ಭಾಗ. ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ. ಫಾರ್ಮಸಿಸ್ಟ್ ಅಂಗಡಿಯಲ್ಲಿ ಇರುವುದೇ ಇಲ್ಲ ಎಂದು ಗೊತ್ತಾದರೆ ಸಹಾಯಕ ಔಷಧ ನಿಯಂತ್ರಕರಿಗೆ ಅಥವಾ ರಾಜ್ಯ ಕೌನ್ಸಿಲ್‌ಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಿಹಾರದ ಪ್ರಕರಣವೊಂದರಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಫಾರ್ಮಸಿಸ್ಟ್ ಇಲ್ಲದೆ ಆಸ್ಪತ್ರೆ, ಮೆಡಿಕಲ್ ಅಂಗಡಿ ನಡೆಯದಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರ ಮತ್ತು ಕೌನ್ಸಿಲ್‌ನ ಕರ್ತವ್ಯ ಎಂದಿದೆ. ದೂರಿನಲ್ಲಿ ಈ ಮಾತನ್ನು ಒಂದು ಸಾಲು ಸೇರಿಸಿದರೆ ತಪ್ಪಿಲ್ಲ.

ಈಗಾಗಲೇ ಸರ್ಟಿಫಿಕೇಟ್ ಬೇರೆಯವರ ಗೋಡೆಯಲ್ಲಿರುವವರಿಗೆ ಒಂದು ದಾರಿ ಇದೆ. ಮಾಲೀಕರಿಗೆ ರಾಜೀನಾಮೆ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರ ಪ್ರತಿಯನ್ನು ಅದೇ ದಿನ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಫಾರ್ಮಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ತಿಳಿಸುವುದು ಲೈಸೆನ್ಸ್ ಷರತ್ತಿನ ಪ್ರಕಾರ ಮಾಲೀಕರ ಹೊಣೆ. ಅವರು ತಿಳಿಸುತ್ತಾರೆಂದು ಕಾಯಬೇಡಿ, ಮೂಲ ಸರ್ಟಿಫಿಕೇಟನ್ನು ಅಂಗಡಿಯಲ್ಲಿ ಬಿಟ್ಟು ಬರಲೂ ಬೇಡಿ.